ಅಡುಗೆಯಮ್ಮನ ಕೈ, ಅಧ್ಯಕ್ಷನ ಔಷಧಿ ನೀರು

ಕೊರೊನಾ ಕಳೆದ ಮರುವರ್ಷ. ನಾನಾಗ ಕೊರಟಗೆರೆಯಲ್ಲಿ ಚರ್ಮರೋಗ ವೈದ್ಯ. ಕೊಳಾಲ ಕಡೆಯ ಹಳ್ಳಿಯೊಂದರಿಂದ ಪುಟ್ಟಲಕ್ಷ್ಮಮ್ಮನನ್ನು ಕರೆತಂದಿದ್ದರು. ಆಕೆ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಕರೆತಂದವನು ಶಾಲಾ ಸಮಿತಿಯ ಅಧ್ಯಕ್ಷ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು, ತಲೆಯಲ್ಲಿ ಮಾತ್ರ ಏನೂ ಇರಲಿಲ್ಲ.

“ಇವ್ಳ ಕೈ ನೋಡಿದ್ರೆ ಮಕ್ಳು ಉಣ್ಣಾಕಿಲ್ಲ ಸಾ. ಅಂಟುರೋಗ ಅಂತ ಬರ್ಕೊಟ್ಬುಡಿ, ಬ್ಯಾರೇರ್ನ ಹಾಕ್ಕಂತೀವಿ.”

ಬೆರಳ ಸಂದಿಯಲ್ಲಿ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. ಎಕ್ಸಿಮಾ, ಜನ ಇಸುಬು ಅನ್ನುತ್ತಾರೆ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ವಾಸಿಯಾದಂತೆ ಕಂಡು ಮತ್ತೆ ಕೆರಳುತ್ತದೆ. ಆಕೆಗೆ ಶಾಲೆಗೆ ರಜೆ ಇದ್ದಾಗ ಇಳಿದು, ಶಾಲೆ ತೆರೆದ ಕೂಡಲೇ ಏರುತ್ತಿತ್ತು. ಕೈ ಯಾವುದರಲ್ಲಿ ತೊಳೆಯುತ್ತೀರಿ ಎಂದೆ.

“ಔಸ್ದಿ ನೀರ್ನಾಗೆ ಸಾ. ಪಾತ್ರೆ ಮುಟ್ಟೋ ಮುಂಚೆ ಒಂದೊಂದ್ಸಲಾನೂ ತೊಳೀಬೇಕು ಅಂತ ಇವ್ರೇ ಹೇಳವ್ರೆ. ಉರೀತದೆ. ಆದ್ರೆ ಈ ಕೆಲ್ಸ ಹೋದ್ರೆ ಮನೆ ನಡ್ಯಾಕಿಲ್ಲ.”

“ನಾನೇ ಕ್ಯಾನ್‌ಗಟ್ಲೆ ತರ್ಸಿವ್ನಿ” ಎಂದ ಅಧ್ಯಕ್ಷ, ಸನ್ಮಾನಕ್ಕೆ ಕಾದವನ ಹಾಗೆ. ವಿಚಾರಿಸಿದರೆ ಅದು ನೆಲ ಒರೆಸುವ ದ್ರಾವಣ. ಹೇಸಿಗೆಪಟ್ಟುಕೊಂಡು ಹೆಚ್ಚು ತೊಳೆಸಿದ್ದಾನೆ, ತೊಳೆದಷ್ಟೂ ಬಿರಿದಿದೆ, ಬಿರಿದಷ್ಟೂ ಹೇಸಿಗೆಪಟ್ಟಿದ್ದಾನೆ.

ಸ್ವಲ್ಪ ದಿನಕ್ಕೆ ಸ್ಟೀರಾಯ್ಡ್ ಮುಲಾಮು, ಸೌಮ್ಯ ಸೋಪು, ಕೈ ತೊಳೆದಾಗಲೆಲ್ಲ ಪೆಟ್ರೋಲಿಯಂ ಜೆಲ್ಲಿ ಬರೆದೆ. ಆ ಕ್ಯಾನಿನ ದ್ರಾವಣ ಇನ್ನು ಕೈಗೆ ಬೇಡ ಎಂದೆ. ಅಂಟುರೋಗವಲ್ಲ, ಗಾಯ ಮಾಗಿದ ಮೇಲೆ ಅಡುಗೆ ಮಾಡಬಹುದು ಎಂದೂ ಬರೆದೆ. ಅಧ್ಯಕ್ಷ ಓದಿ ಮುಖ ಸಿಂಡರಿಸಿಕೊಂಡ.

ಗಾಯ ಮಾಗಿತು. ಆದರೆ ಅಷ್ಟರಲ್ಲಿ ಆಕೆಯ ಜಾಗಕ್ಕೆ ಅಧ್ಯಕ್ಷನ ತಮ್ಮನ ಹೆಂಡತಿ ಬಂದಿದ್ದಳು. ಕ್ಯಾನು ಹಾಗೇ ಇತ್ತು. ಮಳೆಗಾಲ ಮುಗಿಯುವುದರೊಳಗೆ ಅವಳನ್ನೂ ಕರೆದುಕೊಂಡು ಬಂದ. ಅವೇ ಬಿರುಕುಗಳು.

“ಇದು ಅಂಟಾಕಿಲ್ಲ ಅಲ್ವಾ ಸಾ? ಅಂಗಂತ ಒಂದು ಬರ್ಕೊಟ್ಬುಡಿ.”

ಥೂ, ನಾಚಿಕೆ ಅನ್ನುವುದೇ ಇಲ್ಲವಲ್ಲ ಅನ್ನಿಸಿತು. ಪಾಪ, ಆ ಹೆಣ್ಣುಮಗಳದೇನೂ ತಪ್ಪಿರಲಿಲ್ಲ. ಅವಳಿಗೂ ಔಷಧಿ ಕೊಟ್ಟೆ. ಅವನಿಗೆ ಹೇಳಿದೆ: “ಪುಟ್ಟಲಕ್ಷ್ಮಮ್ಮನಿಗೆ ಬರೆದಿದ್ದನ್ನೇ ಬರೆಯುತ್ತೇನೆ. ಆ ಚೀಟಿ ಸುಳ್ಳಾದರೆ ಇದೂ ಸುಳ್ಳು. ಶಿಕ್ಷಣಾಧಿಕಾರಿ ಕೇಳಿದರೂ ಇದನ್ನೇ ಹೇಳುವವನು ನಾನು.”

ಮುಂದಿನ ಸೋಮವಾರದಿಂದ ಅಡುಗೆಮನೆಯಲ್ಲಿ ಪುಟ್ಟಲಕ್ಷ್ಮಮ್ಮ ಇದ್ದರು, ಕ್ಯಾನು ಇರಲಿಲ್ಲ. ಕಾಯಿಲೆ ಯಾಕೆ ಮರುಕಳಿಸುತ್ತದೆಂದು ತಿಳಿಯಬೇಕಾದರೆ, ಮೂಗು ಮುಚ್ಚಿಕೊಂಡು ಪಕ್ಕದಲ್ಲಿ ನಿಂತವರನ್ನೂ ವಿಚಾರಿಸಬೇಕು ಎಂದು ನಾನು ಅಂದು ಕಲಿತೆ. ಚಳಿಗಾಲದಲ್ಲಿ ಆಕೆಯ ಕೈ ಈಗಲೂ ಒಮ್ಮೊಮ್ಮೆ ಕೆರಳುತ್ತದೆ, ಮುಲಾಮು ಹಚ್ಚಿದರೆ ಇಳಿಯುತ್ತದೆ. ಅಧ್ಯಕ್ಷನಿಗೆ ಬರೆದುಕೊಡಲು ಮಾತ್ರ ನನ್ನ ಬಳಿ ಯಾವ ಔಷಧಿಯೂ ಇರಲಿಲ್ಲ.