ಪಿನ್ನು ಹಿಡಿದು ಕುಳಿತ ಮುಕ್ಕಾಲು ಗಂಟೆ

ಲ್ಯಾಪ್‌ಟಾಪಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದೊಂದು ದೀಪವಿರುತ್ತದೆ. ಉರಿಯುವಷ್ಟು ದಿನ ಅದನ್ನು ಯಾರೂ ಗಮನಿಸುವುದಿಲ್ಲ, ಉರಿಯದ ದಿನ ಮಾತ್ರ ಮನೆಮಂದಿಯೆಲ್ಲ ಅದರ ಮೇಲೆ ಬಗ್ಗಿ ನಿಲ್ಲುತ್ತಾರೆ. ಅಥಣಿಯ ನಮ್ಮ ಮನೆಗೆ ಅಂಥ ದಿನ ಬಂದದ್ದು ನನ್ನ ಹೆಂಡತಿ ಪಾರ್ವತಿಯ ಮೌಖಿಕ ಪರೀಕ್ಷೆಯ ಮುಂಜಾನೆ. ಸತ್ತಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಕಲಿಸುತ್ತಿರುವ ಆಕೆ, ಐವತ್ತು ದಾಟಿದ ಮೇಲೆ ಎಂ.ಎ.ಗೆ ಹೆಸರು ಹಚ್ಚಿದ್ದಳು. ಹನ್ನೊಂದಕ್ಕೆ ಪರೀಕ್ಷಕರು ಪರದೆಯ ಮೇಲೆ ಬರುವವರಿದ್ದರು; ಅವರಿಗೆ ತೋರಿಸಬೇಕಾದ ಚಿತ್ರಗಳೆಲ್ಲ ಆ ಯಂತ್ರದೊಳಗಿದ್ದವು. ಹತ್ತೂಕಾಲಿಗೆ ನೋಡಿದರೆ ಅದು ಜಪ್ಪಯ್ಯ ಎಂದರೂ ಚಾಲೂ ಆಗಲೊಲ್ಲದು.

ನಾನು ನಿವೃತ್ತ ಭೌತಶಾಸ್ತ್ರದ ಮಾಸ್ತರ. ಮೂವತ್ತು ವರ್ಷ ವಿದ್ಯುತ್ತಿನ ಪಾಠ ಹೇಳಿದವನು ಇಂಥ ಹೊತ್ತಿನಲ್ಲಿ ಸುಮ್ಮನಿರಲುಂಟೇ? ಪ್ಲಗ್ಗು ಬದಲಿಸಿದೆ, ವೈರು ಬಿಚ್ಚಿ ಊದಿದೆ, ಶಾಸ್ತ್ರಗಳೆಲ್ಲ ಮುಗಿದ ಮೇಲೆ ಅದರ ಬೆನ್ನಿಗೊಂದು ಏಟನ್ನೂ ಕೊಟ್ಟೆ. ಪ್ರವಾಹ ಎಲ್ಲಿ ತುಂಡಾಗಿರಬಹುದೆಂದು ವಿವರಿಸಹೊರಟಾಗ ಪಾರ್ವತಿ, "ಪಾಠ ಆಮ್ಯಾಲ ಹೇಳೀರಂತ. ಮೊದ್ಲ ರಜಿಯಾಗ ಫೋನ್ ಹಚ್ರಿ," ಎಂದಳು.

ರಜಿಯಾ ನನ್ನ ಹಳೆಯ ವಿದ್ಯಾರ್ಥಿನಿ. ಪೇಟೆಯಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟಿದ್ದಾಳೆ. ನನ್ನ ವಿಷಯದಲ್ಲಿ ಆಕೆ ಒಮ್ಮೆಯೂ ಒಳ್ಳೆಯ ಅಂಕ ತೆಗೆದವಳಲ್ಲ.

"ಸರ, ಚಾರ್ಜರ್ ತಗೀರಿ. ಚಾಲೂ ಮಾಡೂ ಬಟನ್ ಮೂವತ್ತು ಎಣಸೂತನಕ ಒತ್ತಿ ಹಿಡೀರಿ. ಆಮ್ಯಾಲ ಮತ್ತ ಚಾರ್ಜರ್ ಹಚ್ಚಿ ನೋಡ್ರಿ."

ವಿಧೇಯನಾಗಿ ಎಣಿಸಿದೆ. ಚಾರ್ಜರಿನ ಪಿನ್ನು ಚುಚ್ಚಿದಾಗ ದೀಪ ಹತ್ತಿತು, ಕೈಬಿಟ್ಟೊಡನೆ ಆರಿತು. ಹಾಗೆಂದೇ ಆಕೆಗೆ ಹೇಳಿದೆ.

"ಬ್ಯಾಟರಿ ಸತ್ತೈತ್ರಿ ಸರ, ಬರೇ ಕರೆಂಟ್ ಮ್ಯಾಲ ನಡದೈತಿ. ಪಿನ್ನೂ ಸಡ್ಲ ಆಗೈತಿ. ಇವತ್ತಿನ ಮಟ್ಟಿಗೆ ಯಾರರ ಹಿಡಕೊಂಡ ಕುಂಡ್ರಬೇಕ ನೋಡ್ರಿ. ಬಿಸಿ ಆತಂದ್ರ ಬಿಟ್ಟಬಿಡ್ರಿ."

ಹೀಗೆ ನನ್ನ ಸಮಸ್ತ ವಿದ್ವತ್ತೂ ಎರಡು ಬೆರಳಿಗಿಳಿಯಿತು; ಪಿನ್ನು ಹಿಡಿದು, ಕ್ಯಾಮೆರಾಗೆ ಕಾಣದಂತೆ ಮೇಜಿನ ಪಕ್ಕದಲ್ಲಿ ನೆಲಕ್ಕೆ ಕುಳಿತೆ. ಗಡಿಭಾಗದ ಮಕ್ಕಳ ಕನ್ನಡ ಬರವಣಿಗೆ ಪಾರ್ವತಿಯ ಪ್ರಬಂಧದ ವಿಷಯ. ಅದನ್ನು ನಾನು ಓದಿದ್ದೆ. ಅಂದರೆ, ಕೆಂಪು ಪೆನ್ನು ಹಿಡಿದು ಕಾಗುಣಿತ ತಿದ್ದಿಕೊಟ್ಟಿದ್ದೆ. ಏನು ಬರೆದಿದ್ದಾಳೆಂದು ವಿಚಾರಿಸುವ ಗೋಜಿಗೆ ಹೋಗಿರಲಿಲ್ಲ.

ಪರೀಕ್ಷಕರು ಮಕ್ಕಳ ನೋಟ್‌ಬುಕ್ಕಿನ ಚಿತ್ರಗಳನ್ನು ನೋಡಿ, "ಇವು ತಪ್ಪುಗಳೇ ಅಲ್ಲವೇ?" ಎಂದು ಕೇಳಿದರು.

ಅಲ್ಲಿಯವರೆಗೆ ಪುಸ್ತಕದ ಕನ್ನಡದಲ್ಲಿ ತಡವರಿಸುತ್ತಿದ್ದ ಪಾರ್ವತಿ ಒಮ್ಮೆಲೇ ಮನೆಯ ಮಾತಿಗೆ ಬಂದಳು. "ಒಬ್ಬ ಹುಡುಗಿ 'ನನಗ ಹೊಳಿ ಆವಡತೈತಿ' ಅಂತ ಬರದಿದ್ಲು ಸರ್. ಅವರ ಮನ್ಯಾಗ ಮರಾಠಿ. ಇಷ್ಟ ಅನ್ನೂದಕ್ಕ ಆವಡ ಅಂತಾರ. ನಾನು ಕೆಂಪು ಗೆರಿ ಹೊಡದು 'ಇಷ್ಟವಾಗುತ್ತದೆ' ಅಂತ ತಿದ್ದಿದೆ. ಮುಂದಿನ ಸಲ ಆಕಿ 'ಹೊಳೆಯು ಉದ್ದವಾಗಿದೆ' ಅಂತಷ್ಟ ಬರದ್ಲು. ಅದರಾಗ ತಪ್ಪಿರಲಿಲ್ಲ ಸರ್. ಆಕೀನೂ ಇರಲಿಲ್ಲ."

ಪರದೆಯಾಚೆ ಸದ್ದಡಗಿತು. ಪಿನ್ನು ಜಾರಿತೇನೋ ಎಂದು ಗಾಬರಿಯಿಂದ ನೋಡಿದೆ, ದೀಪ ಉರಿಯುತ್ತಿತ್ತು. ಪರೀಕ್ಷಕರು ಮೆತ್ತಗೆ, "ಮುಂದುವರಿಸಿ ಅಮ್ಮಾ," ಎಂದರು.

ಆಕೆ ಮುಂದುವರಿಸಿದಳು. ಬೆರಳು ಮರಗಟ್ಟಿತು, ಮೊಣಕಾಲು ಜುಮುಗುಟ್ಟಿತು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅಷ್ಟು ಹೊತ್ತು ನಡುವೆ ಬಾಯಿ ಹಾಕದೆ ಆಕೆಯ ಮಾತು ಕೇಳಿದ್ದು ಅದೇ ಮೊದಲು. ಅದೂ ಬಾಯಿ ಹಾಕಿದರೆ ಪರೀಕ್ಷಕರಿಗೆ ಕೇಳಿಸೀತೆಂಬ ಅಂಜಿಕೆಯಿಂದ.

ಪಾಸೆಂದು ಹೇಳಿ ಪರೀಕ್ಷಕರು ಕೈಮುಗಿದರು. "ಮುಗೀತು, ಕೈ ಬಿಡ್ರಿ ಇನ್ನ," ಎಂದಳು ಪಾರ್ವತಿ. ಬಿಟ್ಟೆ, ಪರದೆ ಕಪ್ಪಾಯಿತು. ಎಬ್ಬಿಸಲು ಆಕೆ ಕೈ ಚಾಚಿದರೂ ನಾನು ಏಳಲಿಲ್ಲ.

"ಆ ಹುಡುಗಿ ಹೆಸರೇನು?" ಎಂದು ಕೇಳಿದೆ.

ಆಕೆ ಸೀರೆ ಸಾವರಿಸಿಕೊಂಡು, ಪಕ್ಕದಲ್ಲೇ ನೆಲಕ್ಕೆ ಕುಳಿತು, ಮೊದಲಿನಿಂದ ಹೇಳತೊಡಗಿದಳು.