ಮಗಳ ಬಾತ್‌ಟಬ್ಬಿನಲ್ಲಿ ಎರಡನೇ ಬಿಯರು

ಬಿಯರಿನ ಬಕೆಟ್ಟಿನ ಮುಚ್ಚಳ ಸರಿಯಾಗಿ ಕೂರದೆ ಗಾಳಿ ಒಳಗೆ ಹೋಗಿರಬಹುದು. ಗಾಳಿಯ ಜೊತೆ ಹೆಸರಿಲ್ಲದ ಯಾವುದೋ ಕ್ರಿಮಿಯೂ ಹೋಗಿ ಸಂಸಾರ ಹೂಡಿರಬಹುದು. ಯೀಸ್ಟಿನ ಪೊಟ್ಟಣ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಫ್ರೀವೇ ಟ್ರಾಫಿಕ್ಕಿನಲ್ಲಿ, ಕಾರಿನ ಬಿಸಿಗೆ ಬೆಂದಿರಬಹುದು. ಬೇಯದೆ ಉಳಿದಿದ್ದರೆ ಆಮೇಲೆ ನಾನು ಸುತ್ತ ಇಟ್ಟ ಮಂಜುಗಡ್ಡೆಯ ಬಾಟಲಿಗಳ ಚಳಿಗೆ ಸತ್ತಿರಬಹುದು. ನಲ್ಲಿ ನೀರಿನ ಕ್ಲೋರಿನ್ನು ಹೋಗಲೆಂದು ಹಾಕಿದ ಮಾತ್ರೆ ಕ್ಲೋರಿನ್ನಿಗಿಂತ ಕೆಟ್ಟದ್ದಾಗಿರಬಹುದು. ಸಕ್ಕರೆಯ ಪ್ರಮಾಣ ಅಳೆಯಲು ತೇಲಿಬಿಡುವ ಗಾಜಿನ ಕಡ್ಡಿಯನ್ನು ನಾನು ಕನ್ನಡಕ ಹಾಕದೆ ಓದಿರಬಹುದು. ಕಿಟಕಿಯ ಪರದೆ ಸರಿದು ಬಿಸಿಲು ಬಿದ್ದಿರಬಹುದು. ಬಿಸಿಲು ಬಿದ್ದ ಬಿಯರಿಗೆ ಸ್ಕಂಕ್ ಎಂಬ ನಾರುವ ಪ್ರಾಣಿಯ ವಾಸನೆ ಬರುತ್ತದಂತೆ. ಫ್ಯಾರನ್‌ಹೀಟನ್ನು ಸೆಲ್ಸಿಯಸ್ ಎಂದುಕೊಂಡಿರಬಹುದು, ಅದು ನಾನು ಈ ದೇಶಕ್ಕೆ ಬಂದಾಗಿನಿಂದ ಮಾಡಿಕೊಂಡು ಬಂದಿರುವ ತಪ್ಪು. ಕೆಳಗಿನ ಮನೆಯವರು ಚಾವಣಿಯಿಂದ ಏನೋ ತೊಟ್ಟಿಕ್ಕುತ್ತಿದೆ ಎಂದು ಅಪಾರ್ಟ್‌ಮೆಂಟಿನ ಮ್ಯಾನೇಜರಿಗೆ ದೂರು ಕೊಟ್ಟು, ಆತ ಈಗಾಗಲೇ ಮೆಟ್ಟಿಲು ಹತ್ತುತ್ತಿರಬಹುದು.

ಒಂದು ಭಾನುವಾರ ಮಧ್ಯಾಹ್ನ, ಊಟದ ಮೇಜಿನ ಮೇಲೆ ಮೂರು ಗ್ಲಾಸು ಜೋಡಿಸಿ, ಮೊದಲ ಬಾಟಲಿಗೆ ಓಪನರ್ ಹಚ್ಚುವ ಮುಂಚೆ ನಾನು ಇವೆಲ್ಲವನ್ನೂ ಒಂದು ಸುತ್ತು ನೆನೆದುಕೊಂಡೆ. ಎದುರಿಗೆ ಹೆಂಡತಿ, ಪಕ್ಕದಲ್ಲಿ ಮಗಳು. ಮಗಳು ಫೋನನ್ನು ಮಗುಚಿ ಇಟ್ಟಿದ್ದಳು. ಅದು ಮರ್ಯಾದೆಯ ಲಕ್ಷಣ. ನನಗೆ ಭಯ ಇದ್ದದ್ದೇ ಆ ಮರ್ಯಾದೆಯ ಬಗ್ಗೆ.

ಅದನ್ನು ಸ್ವಲ್ಪ ವಿವರಿಸಬೇಕು. ನಮಗಿರುವುದು ಒಬ್ಬಳೇ ಮಗಳು. ಓಕ್ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟು. ಮಂಡಿ ಬದಲಾಯಿಸಿಕೊಂಡವರನ್ನು ಮತ್ತೆ ನಡೆಸುವುದು ಅವಳ ಕೆಲಸ. ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನಲ್ಲಿದ್ದಷ್ಟು ಕಾಲ ಅವಳು ನನ್ನನ್ನು ಬೈಯದ ದಿನವಿಲ್ಲ. ನಾನು ಕಾರು ನಿಲ್ಲಿಸುವ ರೀತಿ, ಫೋನಿನಲ್ಲಿ ಕೂಗುವ ರೀತಿ, 'ವೆಸ್ಟ್' ಮತ್ತು 'ವೇಸ್ಟ್' ನನ್ನ ಬಾಯಲ್ಲಿ ಒಂದೇ ಆಗುವ ರೀತಿ, ಎಲ್ಲಕ್ಕೂ ಅವಳ ಹತ್ತಿರ ಟೀಕೆಯಿತ್ತು. ಬೇರೆ ಮನೆ ಮಾಡಿದ ಮೇಲೆ ಟೀಕೆ ನಿಂತುಹೋಯಿತು. ಫೋನು ಮಾಡಿದಾಗ ನಿದ್ದೆ ಬಂತಾ, ನೀರು ಸಾಕಷ್ಟು ಕುಡಿಯುತ್ತಿದ್ದೀಯಾ ಎಂದು ಇಂಗ್ಲಿಷಿನಲ್ಲಿ ಮೃದುವಾಗಿ ಕೇಳುತ್ತಿದ್ದಳು. ಮಂಡಿನೋವಿನವರ ಜೊತೆ ಹೀಗೇ ಮಾತಾಡುತ್ತಾಳೆ ಎಂದು ಒಂದು ದಿನ ನನಗೆ ಹೊಳೆಯಿತು. ನಾನು ಮನೆಯವನಾಗಿ ಉಳಿದಿದ್ದೇನೋ, ಪೇಶೆಂಟಾಗಿ ಬಡ್ತಿ ಪಡೆದಿದ್ದೇನೋ ಗೊತ್ತಾಗಲಿಲ್ಲ.

ನನ್ನ ಹುಟ್ಟುಹಬ್ಬಕ್ಕೆ ಬಿಯರ್ ಕಿಟ್ಟು ತಂದುಕೊಟ್ಟವಳು ಅವಳೇ. ಪೇಶೆಂಟಿಗೆ ಒಂದು ಹವ್ಯಾಸ ಇರಲಿ ಎಂದಿರಬೇಕು. ಡಬ್ಬಿಯ ಮೇಲೆ 'ಲೈಟ್ ಲಾಗರ್' ಎಂದಿತ್ತು, ಅಂದರೆ ತಿಳಿಯಾದ ಹಗುರ ಬಿಯರು. ಒಳಗೆ ಮಾಲ್ಟು ಎಂಬ ಜೋನಿಬೆಲ್ಲದಂಥ ಬಾರ್ಲಿ ಪಾಕ, ಒಂದು ಪೊಟ್ಟಣ ಯೀಸ್ಟು, ಒಂದು ಬಕೆಟ್ಟು, ಮತ್ತು ಯಾರು ಬೇಕಾದರೂ ಮಾಡಬಹುದು ಎಂದು ಭರವಸೆ ಕೊಡುವ ಒಂದು ಕಾಗದ. ಆ ವಾಕ್ಯ ಬರೆದವನು ನನ್ನನ್ನು ನೋಡಿರಲಿಲ್ಲ.

ಮೊದಲ ಸಲ ನಾನು ಮಾಡಿದ್ದು ದೋಸೆ ಹಿಟ್ಟಿನ ಲೆಕ್ಕಾಚಾರ. ಹುದುಗುವಂಥದ್ದು ಯಾವುದೇ ಇರಲಿ, ಬೆಚ್ಚಗಿಡಬೇಕು ಎಂಬುದು ನಮ್ಮ ಮನೆಯ ಶಾಸ್ತ್ರ. ಈ ಊರಿನ ಚಳಿಗೆ ಹಿಟ್ಟು ಉಬ್ಬದೆ, ಅದನ್ನು ಓವನ್ನಿನಲ್ಲಿ ಬರೀ ದೀಪ ಹಾಕಿ ಇಡುವ ವಿದ್ಯೆಯನ್ನು ನಾವು ಬಂದ ವರ್ಷವೇ ಕಲಿತಿದ್ದೆವು. ಬಕೆಟ್ಟು ಓವನ್ನಿನಲ್ಲಿ ಹಿಡಿಸಲಿಲ್ಲವಾದ್ದರಿಂದ ಅದಕ್ಕೆ ಹಳೆಯ ಕಂಬಳಿ ಸುತ್ತಿ ಹೀಟರಿನ ಪಕ್ಕ ಕೂರಿಸಿದೆ. ಜೊತೆಗೆ, ಕಾಗದ ಹೇಳಿದಂತೆ, ಅಡುಗೆಮನೆಯ ಸಕ್ಕರೆಯನ್ನೇ ದಂಡಿಯಾಗಿ ಸುರಿದೆ. ಬಕೆಟ್ಟು ಅದೆಷ್ಟು ಉತ್ಸಾಹದಿಂದ ಗುಳುಗುಳು ಎಂದಿತೆಂದರೆ ನಾನು ಆಫೀಸಿನಲ್ಲಿ ಅದರ ವಿಡಿಯೋ ತೋರಿಸಿದೆ.

ಅದನ್ನು ಕುಡಿದಾಗ ಕೊಳೆಯಲು ಶುರುವಾದ ಸೇಬನ್ನು ಮದ್ದಿನ ನೀರಿನಲ್ಲಿ ಅದ್ದಿ ತಿಂದ ಹಾಗಿತ್ತು. ಹೆಂಡತಿ ಒಂದು ಗುಟುಕು ಕುಡಿದು ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ಮಗಳು ಮಾತ್ರ ಗ್ಲಾಸನ್ನು ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ, "ಇಂಟ್ರೆಸ್ಟಿಂಗ್" ಎಂದಳು. ಈ ಊರಿನಲ್ಲಿ ಇಷ್ಟು ವರ್ಷ ಮೀಟಿಂಗುಗಳಲ್ಲಿ ಕೂತವನಿಗೆ ಆ ಪದದ ಅರ್ಥ ಗೊತ್ತಿರುತ್ತದೆ. ಆದರೂ ಅವಳು ಗ್ಲಾಸು ಖಾಲಿ ಮಾಡಿದಳು. ಮೊದಲಿನ ಮಗಳಾಗಿದ್ದರೆ ಅದನ್ನು ಸಿಂಕಿಗೆ ಸುರಿದು, ಇದೇನು ವಿಷ ಎಂದು ಕೇಳುತ್ತಿದ್ದಳು. ಇವಳಿಂದ ಒಂದು ನಿಜವಾದ ಮಾತು ಹೊರಡಿಸಬೇಕಾದರೆ ನಿಜವಾದ ಬಿಯರನ್ನೇ ಮಾಡಬೇಕು ಎಂದು ಅವತ್ತು ತೀರ್ಮಾನಿಸಿದೆ.

ಹಾಗೆ ನನ್ನ ಸುಧಾರಣೆಯ ಕಾಲ ಶುರುವಾಯಿತು, ಅದರ ಜೊತೆ ಗೊಂದಲದ ಕಾಲವೂ. ಇಂಟರ್ನೆಟ್ಟಿನಲ್ಲಿ ಒಬ್ಬ ಸಕ್ಕರೆಯೇ ಪಾಪ ಎನ್ನುತ್ತಿದ್ದ, ಇನ್ನೊಬ್ಬ ಸಕ್ಕರೆಯಿಲ್ಲದೆ ಲೈಟ್ ಎಲ್ಲಿಂದ ಬರಬೇಕು ಎಂದು ಗದರುತ್ತಿದ್ದ. ಒಬ್ಬ ಹುದುಗುವ ನಡುವೆ ಬಕೆಟ್ಟನ್ನು ಬದಲಾಯಿಸಿ ಎಂದರೆ ಮತ್ತೊಬ್ಬ ಮುಟ್ಟಲೇಬೇಡಿ ಎಂದ. ಬ್ರೂಯಿಂಗ್ ಸಾಮಾನು ಮಾರುವ ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿನ ಗಡ್ಡದವನು ನನ್ನ ಕಂಬಳಿಯ ಕತೆ ಕೇಳಿ, ಲಾಗರ್ ಎಂದರೆ ತಣ್ಣಗೆ ಬೆಳೆಯುವಂಥದ್ದು, ಕಿಟ್ಟಿನಲ್ಲಿ ಬರುವ ಯೀಸ್ಟನ್ನು ಬಿಸಾಕಿ ನಿಜವಾದ ಲಾಗರ್ ಯೀಸ್ಟು ತಗೊಂಡು ಹೋಗು, ಸಕ್ಕರೆಯ ಬದಲು ಮಾಲ್ಟಿನ ಪುಡಿ ಹಾಕು, ಚಳಿಯಲ್ಲಿಡು ಎಂದ. ತಣ್ಣಗಿಟ್ಟರೆ ಹುದುಗುವುದು ಹೇಗೆ ಎಂದು ಕೇಳಿದೆ. ನಿಧಾನವಾಗಿ, ಎಂದ. ನನ್ನಂಥವನಿಗೆ ಅದಕ್ಕಿಂತ ಕ್ರೂರವಾದ ಉತ್ತರ ಸಿಗಲಾರದು.

ನಮ್ಮ ಮನೆಯಲ್ಲಿ ತಣ್ಣಗಿನ ಜಾಗವೆಂದರೆ ಮಗಳ ಬಚ್ಚಲುಮನೆ. ಅವಳು ಹೋದ ಮೇಲೆ ಅಲ್ಲಿ ಹೀಟರು ಹಾಕುವುದಿಲ್ಲ. ಅವಳ ಬಾತ್‌ಟಬ್ಬಿಗೆ ಅರ್ಧ ನೀರು ತುಂಬಿ, ನಡುವೆ ಬಕೆಟ್ಟು ನಿಲ್ಲಿಸಿ, ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗಳನ್ನು ಸುತ್ತ ತೇಲಿಬಿಟ್ಟೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಬಾಟಲಿ ಬದಲಾಯಿಸುವುದು. ಫ್ರೀಜರಿನಲ್ಲಿದ್ದ ತೆಂಗಿನತುರಿ, ಬಟಾಣಿ, ಪರೋಟ ಎಲ್ಲ ಜಾಗ ಬಿಡಬೇಕಾಯಿತು. ಹೆಂಡತಿ ಧಾರವಾಡದವಳು, ಮೈಸೂರಿನವನಾದ ನನ್ನನ್ನು ಕಟ್ಟಿಕೊಂಡು ಇಷ್ಟು ವರ್ಷವಾದರೂ ತನ್ನ ಕಡೆಯ ಮಾತು ಬಿಟ್ಟುಕೊಟ್ಟಿಲ್ಲ, ಹೆಂಡಕ್ಕೆ ಸೆರೆ ಎಂದೇ ಅನ್ನುತ್ತಾಳೆ.

"ಬಚ್ಚಲದಾಗ ಸೆರೆ ಇಟ್ಟೀರಿ. ಯಾರರ ಮನಿಗೆ ಬಂದು ಕೈಕಾಲು ತೊಳಕೋತೀನಿ ಅಂದ್ರ ನಾ ಏನ್ ಹೇಳ್ಲಿ?"

ನಲ್ಲಿ ರಿಪೇರಿ ಅನ್ನು, ಎಂದೆ.

ನಾಲ್ಕೈದು ದಿನಕ್ಕೆ ಬಚ್ಚಲಿನಿಂದ ಕೊಳೆತ ಮೊಟ್ಟೆಯ ವಾಸನೆ ಬರತೊಡಗಿತು. ಮೊಟ್ಟೆಯೇ ತರದ ಮನೆ ನಮ್ಮದು. ಹೆಂಡತಿ ಊದುಬತ್ತಿ ಹಚ್ಚಿ ನನ್ನ ಮುಖ ನೋಡಿದಳು. ಗಡ್ಡದವನಿಗೆ ಫೋನು ಮಾಡಿದರೆ, ಲಾಗರ್ ಯೀಸ್ಟಿಗೆ ಅದು ಸಹಜ, ಒಳ್ಳೆಯ ಲಕ್ಷಣ ಎಂದ. ಕೆಟ್ಟ ವಾಸನೆ ಬಂದರೆ ಒಳ್ಳೆಯದು, ಉತ್ಸಾಹದಿಂದ ಗುಳುಗುಳು ಎಂದರೆ ಕೆಟ್ಟದ್ದು. ಈ ವಿದ್ಯೆಯಲ್ಲಿ ನನಗೆ ಯಾವುದಕ್ಕೆ ಹೆದರಬೇಕು ಎಂಬುದೇ ತಿಳಿಯದೆ, ಮುಂಜಾಗ್ರತೆಗಾಗಿ ಎಲ್ಲಕ್ಕೂ ಹೆದರಿದೆ. ಕೊನೆಯಲ್ಲಿ ಎರಡು ದಿನ ಬಕೆಟ್ಟನ್ನು ಸ್ವಲ್ಪ ಬೆಚ್ಚಗೆ ಬಿಡಬೇಕು, ಇಲ್ಲದಿದ್ದರೆ ಬೆಣ್ಣೆಯ ರುಚಿ ಉಳಿಯುತ್ತದೆ ಎಂದು ಯಾರೋ ಬರೆದಿದ್ದರು. ನಾನು ಬೆಣ್ಣೆಗೆ ಹೆದರಿ ಬಕೆಟ್ಟನ್ನು ಟಬ್ಬಿನಿಂದ ಎತ್ತಿದೆ, ಬೆಚ್ಚಗಾದೀತೆಂದು ಹೆದರಿ ಮತ್ತೆ ಇಳಿಸಿದೆ, ಮತ್ತೆ ಎತ್ತಿದೆ. ಬೆನ್ನು ಹಿಡಿದುಕೊಂಡಿತು. ಮಗಳು ಫೋನಿನಲ್ಲಿ ಬೆನ್ನಿಗೆ ಮೂರು ವ್ಯಾಯಾಮ ಹೇಳಿಕೊಟ್ಟಳು, ಬಹಳ ತಾಳ್ಮೆಯಿಂದ.

ಬಾಟಲಿಗೆ ತುಂಬುವ ದಿನ ಅವಳೇ ಬಂದು ಸಹಾಯ ಮಾಡಿದಳು, ಬೆನ್ನು ಬಗ್ಗಿಸಬೇಡ ಎಂದು. ಆಮೇಲೆ ಬಾಟಲಿಗಳು ಕೋಣೆಯಲ್ಲಿ ಒಂದಷ್ಟು ಕಾಲ, ಫ್ರಿಜ್ಜಿನಲ್ಲಿ ಮತ್ತೆ ಹಲವು ವಾರ ತಪಸ್ಸಿಗೆ ಕೂತವು. ನಾನು ದಿನಕ್ಕೊಮ್ಮೆ ಫ್ರಿಜ್ಜಿನ ಬಾಗಿಲು ತೆರೆದು ಅವುಗಳ ಕಡೆ ನೋಡಿ ಮುಚ್ಚುತ್ತಿದ್ದೆ.

ಈಗ ಆ ಭಾನುವಾರ. ಬಾಟಲಿ ತೆರೆದೆ. ಗ್ಲಾಸಿಗೆ ಬಗ್ಗಿಸಿದೆ. ತಿಳಿ ಹೊಂಬಣ್ಣ, ಆಚೆ ಕೂತ ಹೆಂಡತಿಯ ಮೂಗುತಿ ಕಾಣುವಷ್ಟು ಸ್ಪಷ್ಟ. ಮೂಸಿದೆ. ಸೇಬಿಲ್ಲ, ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ, ಸ್ಕಂಕಿಲ್ಲ. ಆಗ ತಾನೇ ಹರಿದ ಬ್ರೆಡ್ಡಿನಂಥ ಒಂದು ಮೆಲುವಾಸನೆ. ನಾನು ಕುಡಿಯಲಿಲ್ಲ. ಮಗಳನ್ನು ನೋಡುತ್ತಿದ್ದೆ.

ಅವಳು ಕುಡಿದಳು. ಗ್ಲಾಸನ್ನು ಬೆಳಕಿಗೆ ಹಿಡಿದಳು. ತಲೆ ಓರೆಯಾಯಿತು. ನನ್ನ ಕಿವಿಯಲ್ಲಿ ಆಗಲೇ 'ಇಂಟ್ರೆಸ್ಟಿಂಗ್' ಕೇಳಿಸತೊಡಗಿತ್ತು.

"ಅಪ್ಪ, ಇಟ್ಸ್ ಫ್ಲ್ಯಾಟ್. ಗ್ಯಾಸೇ ಇಲ್ಲ," ಎಂದಳು. "ಇದನ್ನ ಯಾರು ಕುಡೀತಾರೆ? ಶುಗರ್ ಹಾಕಿದ್ಯಾ ಇಲ್ವಾ?"

ದನಿಯಲ್ಲಿ ತಾಳ್ಮೆ ಎಂಬುದೇ ಇರಲಿಲ್ಲ. ನನಗೆ ಖುಷಿಯಾಗಬೇಕೋ ಅವಮಾನವಾಗಬೇಕೋ ತಿಳಿಯದೆ ನಾನೂ ಕುಡಿದೆ. ರುಚಿ ಸೊಗಸಾಗಿತ್ತು. ಒಂದೇ ಒಂದು ಗುಳ್ಳೆ ಇರಲಿಲ್ಲ. ಬಾಟಲಿ ತೆರೆದಾಗ ಬರಬೇಕಿದ್ದ ಸದ್ದು ಬಂದಿರಲಿಲ್ಲ ಎಂಬುದು ಆಗ ನೆನಪಾಯಿತು. ತುಂಬುವ ದಿನ ಒಂದಿಷ್ಟು ಸಕ್ಕರೆ ನೀರು ಬೆರೆಸಿದರೆ, ಅದನ್ನು ತಿಂದು ಯೀಸ್ಟು ಬಾಟಲಿಯೊಳಗೆ ಗ್ಯಾಸು ಹುಟ್ಟಿಸುತ್ತದೆ, ಬೆರೆಸದಿದ್ದರೆ ಇಲ್ಲ.

"ಹಾಕಬೇಕಾದವಳು ನೀನಲ್ವಾ? ಕೇಳಿದ್ದಕ್ಕೆ ನೀನೇ ಆಯ್ತು ಅಂದೆಯಲ್ಲ," ಎಂದೆ.

ಅಲ್ಲಿಂದ ಜಗಳ. ಅವಳು ಗ್ಲಾಸು ಕುಕ್ಕಿದಳು, ನಾನು ದನಿ ಏರಿಸಿದೆ, ಅವಳು ನಾನು ಫೋನಿನಲ್ಲಿ ಕೂಗುವ ರೀತಿಯನ್ನೂ ಎಳೆದು ತಂದಳು. ಪೇಶೆಂಟುಗಳಿಗೆ ಈ ಭಾಗ್ಯ ಸಿಗುವುದಿಲ್ಲ. ಜಗಳದ ನಡುವೆಯೇ ಆ ದಿನವನ್ನು ಇಬ್ಬರೂ ಸೇರಿ ಬಿಡಿಸಿ ನೋಡಿದೆವು. ನಾನು ಬಚ್ಚಲಿನಲ್ಲಿ ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ನಳಿಕೆ ಬಿಡುತ್ತಿದ್ದೆ, ತಲೆಯ ಮೇಲೆ ಫ್ಯಾನು ಗುಂಯ್‌ಗುಡುತ್ತಿತ್ತು. ಅವಳು ಅಡುಗೆಮನೆಯಲ್ಲಿ ಬಾಟಲಿ ಮುಚ್ಚಳಗಳನ್ನು ಕುದಿಸುತ್ತಿದ್ದಳು. ಎರಡನೇ ಬಕೆಟ್ಟನ್ನು ತಂದಿಟ್ಟವಳು ಅವಳು, ಒಳಗೆ ಬಗ್ಗಿ ನೋಡಲು ನನ್ನ ಬೆನ್ನು ಬಿಡಲಿಲ್ಲ. ನಾನು ಕಾಸಿಟ್ಟಿದ್ದ ಸಕ್ಕರೆ ನೀರನ್ನು ಅವಳು ಅದರಲ್ಲಿ ಹಾಕಿಯೇ ತಂದಿದ್ದಾಳೆ ಎಂದುಕೊಂಡು ನಾನು ಅಲ್ಲಿಂದಲೇ ಕೂಗಿದ್ದೆ: ಸಕ್ಕರೆ ಆಯ್ತಲ್ಲ. ಅದು ನನ್ನ ಪ್ರಶ್ನೆ. ಹಾಕಿದ್ದೀಯಲ್ಲ, ಎಂದು. ಫ್ಯಾನಿನ ಸದ್ದಿನಲ್ಲಿ ಪ್ರಶ್ನೆಯ ರಾಗ ಹಾರಿಹೋಗಿ, ಅವಳಿಗೆ ಕೇಳಿಸಿದ್ದು ವರದಿ: ಸಕ್ಕರೆ ಆಯಿತು, ಅಪ್ಪನೇ ಹಾಕಿಕೊಂಡ. ಅವಳು "ಆಯ್ತು" ಎಂದಳು, ಸರಿ ಎಂಬರ್ಥದಲ್ಲಿ. ನಾನು ಕೇಳಿಸಿಕೊಂಡದ್ದು ಮುಗಿಯಿತು ಎಂಬರ್ಥದಲ್ಲಿ. ಅವಳ ಚಿಕ್ಕಂದಿನಲ್ಲಿ ನಾವು ಹಲ್ಲುಜ್ಜು, ಹೋಮ್‌ವರ್ಕ್ ಮಾಡು ಎಂದಾಗಲೆಲ್ಲ ಅವಳು ಕೊಡುತ್ತಿದ್ದ ಉತ್ತರ ಅದೇ. ಆಗಲೂ ಅದು ಯಾವ 'ಆಯ್ತು' ಎಂದು ನಾವು ಹೋಗಿ ನೋಡಬೇಕಾಗುತ್ತಿತ್ತು. ಈ ಸಲ ನಾನು ಹೋಗಿ ನೋಡಲಿಲ್ಲ. ಕ್ರಿಮಿಗೆ, ಬಿಸಿಲಿಗೆ, ಮ್ಯಾನೇಜರಿಗೆ ಹೆದರಿದವನು, ಮಗಳು ಇಂಗ್ಲಿಷು ಬಿಟ್ಟು ಕನ್ನಡದಲ್ಲಿ ಉತ್ತರಿಸಿದಳಲ್ಲ ಎಂದು ಹಿಗ್ಗಿ ಸುಮ್ಮನಿದ್ದುಬಿಟ್ಟಿದ್ದೆ.

"ಅದಕ್ಕ ನಮ್ಮ ಕಡೆ ಹಾಕಿದ್ಯೋ ಇಲ್ಲೋ ಅಂತ ನೆಟ್ಟಗ ಕೇಳ್ತಾರ," ಎಂದಳು ಹೆಂಡತಿ. ಗ್ಲಾಸಿನಲ್ಲಿದ್ದದ್ದನ್ನು ಇನ್ನೊಂದು ಗುಟುಕು ಕುಡಿದಳು, ಮುಖ ಕಿವಿಚದೆ. "ಸಣ್ಣ ಪಾತೇಲಿದಾಗಿನ ಸಕ್ರಿ ನೀರೇನು? ಒಲಿ ಮ್ಯಾಲೆ ಹಂಗ ಇತ್ತು. ದಣದೀರಿ ಅಂತ ಕುಡೀಲಿಕ್ಕೆ ನೀವ ಕಾಸಿಟ್ಟೀರಿ ಅನ್ಕೊಂಡು ಲಿಂಬಿಹಣ್ಣು ಹಿಂಡಿ ಶರಬತ್ತು ಮಾಡಿದ್ನಲ್ಲ. ಅಪ್ಪ ಮಗಳು ಎರಡೆರಡು ಗ್ಲಾಸು ಕುಡದ್ರಿ."