ದೊರೆ ಕೊಟ್ಟ ನಶ್ಯದ ಡಬ್ಬಿ

ತೊಂಬತ್ತರ ದಶಕದಲ್ಲಿ ಅಪ್ಪ ಕಿಕ್ಕೇರಿಯಲ್ಲಿ ಚಿನ್ನಬೆಳ್ಳಿ ಕೆಲಸ ಮಾಡುತ್ತಿದ್ದರು. ಒಂದು ದಿನ ಊರಿನ ಜಮೀನುದಾರ ಕೀಲು ಕಿತ್ತುಹೋದ ನಶ್ಯದ ಡಬ್ಬಿ ತಂದ. ಮುಚ್ಚಳದ ಮೇಲೆ ಕೊಡೆ ಹಿಡಿದ ದೊರೆಸಾನಿಯ ಚಿತ್ರ. ಯುರೋಪಿನ ಯಾವುದೋ ದೊರೆ ತನ್ನ ತಾತನಿಗೆ ಕೊಟ್ಟ ಅಪ್ಪಟ ಚಿನ್ನ ಅಂತ ಊರೆಲ್ಲ ಜಂಬ ಕೊಚ್ಚುತ್ತಿದ್ದ. ನಶ್ಯ ಕೇಳಿದವರಿಗೆ ಒಂದು ಚಿಟಿಕೆ ಕೊಡುವುದು ನಮ್ಮ ಕಡೆ ವಾಡಿಕೆ; ಈ ಮೂದೇವಿ ಆ ಡಬ್ಬಿಯಿಂದ ಯಾರಿಗೂ ಕೊಟ್ಟವನಲ್ಲ.

"ಕೈ ತೊಳ್ಕೊಂಡು ಮುಟ್ಲಾ, ಆಚಾರಿ" ಅಂದ, ತನಗಿಂತ ಹತ್ತು ವರ್ಷ ದೊಡ್ಡವರಾದ ಅಪ್ಪನಿಗೆ. ನನಗೆ ಮೈ ಉರಿದುಹೋಯಿತು. ಅಪ್ಪ ತೊಳೆದುಕೊಂಡೇ ಬಂದರು. ಡಬ್ಬಿಯ ಅಂಚನ್ನು ಒರೆಗಲ್ಲಿಗೆ ಉಜ್ಜಿ, ಬಿದ್ದ ಗೆರೆಯ ಮೇಲೆ ಒಂದು ತೊಟ್ಟು ಆಸಿಡ್ ಬಿಟ್ಟರು. ಚಿನ್ನವಾಗಿದ್ದರೆ ಗೆರೆ ಉಳಿಯಬೇಕಿತ್ತು, ನೊರೆಯೆದ್ದು ಅಳಿಸಿಹೋಯಿತು.

"ಹಿತ್ತಾಳೆ" ಅಂದರು ಅಪ್ಪ. ಡಬ್ಬಿಯನ್ನು ಅವನ ಮುಂದಿಟ್ಟು, ಒಳಗೆ ಹೋಗಿ ಮತ್ತೊಮ್ಮೆ ಕೈ ತೊಳೆದುಕೊಂಡು ಬಂದರು.